ಕೊಟೇಶನ್ ಬದಿಗಿಟ್ಟು ನಾವೇ ಮಾಡಿಕೊಂಡ ಗಣಕೀಕರಣ

ನಾನು ಸರ್ಕಾರಿ ಪದವಿ ಕಾಲೇಜೊಂದರ ಗ್ರಂಥಪಾಲಕ. ಲೈಬ್ರರಿ ಗಣಕೀಕರಣಕ್ಕೆ ಬಂದ ಕೊಟೇಶನ್‌ಗಳಲ್ಲಿ ಸಾಫ್ಟ್‌ವೇರ್‌ಗಿಂತ ಡೇಟಾ ಎಂಟ್ರಿ ಬಾಬ್ತೇ ದೊಡ್ಡದಿತ್ತು, ಪುಸ್ತಕಕ್ಕಿಷ್ಟು ಅಂತ ದರ. ಮೇಲೆ ವರ್ಷವರ್ಷ ಎಎಂಸಿ, ಅಂದರೆ ನಿರ್ವಹಣೆಯ ಶುಲ್ಕ, ಬೇರೆ. ಪ್ರಾಂಶುಪಾಲರು "ನಮ್ಮಲ್ಲೇ ಆಗಲ್ವೇನ್ರೀ?" ಅಂದರು.

ಕೋಹಾ ಹಾಕೋಣ ಅಂದುಕೊಂಡೆವು. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯಕ್ಕೆಂದು 1999ರಲ್ಲಿ ಬರೆದ, ಲೈಬ್ರರಿ ಕೆಲಸಗಳನ್ನು ನಡೆಸುವ ಮುಕ್ತ ತಂತ್ರಾಂಶ ಅದು, ಲೈಸೆನ್ಸ್ ದುಡ್ಡಿಲ್ಲ. ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಹಳೇ ಯಂತ್ರಕ್ಕೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಅದನ್ನು ಕೂರಿಸಿಕೊಟ್ಟರು. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು.

ಇಂಗ್ಲಿಷ್ ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಹೊಡೆದರೆ ಬಹಳಷ್ಟು ಸಲ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದಲೇ ವಿವರ ಇಳಿಯುತ್ತದೆ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ನೇ ಇಲ್ಲ. ಹಿಂದೆ ಯಾರೋ ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದ ಪಟ್ಟಿ ಸಿಕ್ಕಿತು, ಆದರೆ ಅದು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಪರಿವರ್ತಕಕ್ಕೆ ಹಾಕಿ, ಅರ್ಕಾವತ್ತು ಇದ್ದ ಪದಗಳನ್ನು ಒಂದೊಂದಾಗಿ ನೋಡಿ ತಿದ್ದಿದೆವು.

ಅದಕ್ಕಿಂತ ತಲೆನೋವು ಲೇಖಕರ ಹೆಸರು. ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ನಮ್ಮ ಅಕ್ಸೆಶನ್ ರಿಜಿಸ್ಟರಿನಲ್ಲಿ ಒಂದು ಕಡೆ 'ಕುವೆಂಪು', ಇನ್ನೊಂದು ಕಡೆ 'ಪುಟ್ಟಪ್ಪ ಕೆ.ವಿ.', ಮತ್ತೊಂದು ಕಡೆ 'ಕೆ.ವಿ. ಪುಟ್ಟಪ್ಪ'. ಪುಸ್ತಕದ ಲೆಕ್ಕದಲ್ಲಿ ದುಡ್ಡು ತಗೊಳ್ಳುವ ಆಪರೇಟರ್ ಆಗಿದ್ದರೆ ಮೂರು ಜನ ಲೇಖಕರನ್ನು ಮಾಡಿಟ್ಟು ಹೋಗುತ್ತಿದ್ದ, ಅವನ ತಪ್ಪೂ ಅಲ್ಲ. ಕನ್ನಡ ವಿಭಾಗದ ಮೇಡಂ ಕಾವ್ಯನಾಮ, ನಿಜನಾಮಗಳ ಪಟ್ಟಿ ಬರೆದುಕೊಟ್ಟರು. ಅದನ್ನೇ ಅಥಾರಿಟಿ ಫೈಲ್, ಅಂದರೆ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದಕ್ಕೆ ಜೋಡಿಸುವ ಕಡತ, ಮಾಡಿದೆವು. ಈಗ ಯಾವ ಹೆಸರಲ್ಲಿ ಹುಡುಕಿದರೂ ಒಂದೇ ಕಡೆ ಬರುತ್ತದೆ.

ಇನ್ನು ನಮ್ಮ ಅಟೆಂಡರ್. ಅವರು ಕೀಬೋರ್ಡ್ ಮುಟ್ಟಿದವರಲ್ಲ. ರಿಜಿಸ್ಟರಿನಲ್ಲಿದ್ದು ಕಪಾಟಿನಲ್ಲಿ ಸಿಗದ ಪುಸ್ತಕಗಳನ್ನು 'ಕಳೆದಿದೆ' ಅಂತ ಗುರುತು ಹಾಕಲು ಹೊರಟಾಗ ತಡೆದರು: "ಸಾರ್, ನ್ಯಾಕ್ ತಂಡ ಬರೋಕ್ ಮುಂಚೆ ಬೈಂಡಿಂಗ್‌ಗೆ ಅಂತ ಕಟ್ಟಿ ಮಹಡಿ ರೂಮಲ್ಲಿಟ್ವಲ್ಲ, ಆ ಗಂಟು ಬಿಚ್ಚಿ ನೋಡಿ." (ನ್ಯಾಕ್ ಅಂದರೆ ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ.) ಬಿಚ್ಚಿದರೆ ಅರ್ಧಕ್ಕರ್ಧ ಅಲ್ಲೇ ಇದ್ದವು. ಯಾವ ಏಜೆನ್ಸಿಗೆ ಗೊತ್ತಿರುತ್ತೆ ಇದು?

ಬಿಟ್ಟಿಯಾಗಿಯೇನೂ ಆಗಲಿಲ್ಲ. ಸ್ಕ್ಯಾನರ್, ಬಾರ್‌ಕೋಡ್ ಸ್ಟಿಕರ್, ಯುಪಿಎಸ್ ಕೊಂಡೆವು. ಈ ಕೆಲಸಕ್ಕಾಗಿ ಮಧ್ಯಾಹ್ನ ಕೌಂಟರ್ ಮುಚ್ಚಿದ್ದಕ್ಕೆ ವಿದ್ಯಾರ್ಥಿಗಳು ಗೊಣಗಿದರು, ನ್ಯಾಯವೇ. ಹೊರಗಿನವರಿಗೆ ಕೊಟ್ಟಿದ್ದರೆ ಬೇಗ ಮುಗಿಯುತ್ತಿದ್ದದ್ದೂ ನಿಜ.

ನಮ್ಮವರೇ ಮಾಡಿದ ಕೆಲಸಕ್ಕೆ ದೊಡ್ಡ ಅಪಾಯ ವರ್ಗಾವಣೆ. ಇನ್‌ಸ್ಟ್ರಕ್ಟರ್‌ಗೆ ವರ್ಗಾವಣೆ ಆರ್ಡರ್ ಬರುವ ಮೊದಲೇ ಅವರಿಂದ ಸರ್ವರ್‌ನ ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆಸಿಕೊಂಡೆ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರ ಬೀರುವಿನಲ್ಲಿದೆ. ಬ್ಯಾಕಪ್ ವಾರಕ್ಕೊಮ್ಮೆ ತೆಗೆಯುತ್ತೇವೆ, ಸೆಮಿಸ್ಟರ್‌ಗೊಮ್ಮೆ ಬೇರೆ ಯಂತ್ರಕ್ಕೆ ಹಾಕಿ ಅದು ತೆರೆಯುತ್ತಾ ಅಂತಲೂ ನೋಡುತ್ತೇವೆ.