ಅಜ್ಟೆಕ್ ಪತನದ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ

ಈಗಿನ ಮೆಕ್ಸಿಕೋದಲ್ಲಿದ್ದ ಅಜ್ಟೆಕ್ ಸಾಮ್ರಾಜ್ಯ ಸ್ಪೇನಿನವರ ಕೈಗೆ ಹೋದ ಕಥೆ ಇದು. ಹೈಸ್ಕೂಲ್ ಮಕ್ಕಳಿಗೆ ಈ ಪಾಠ ಮಾಡುವವರಿಗೆ ಮೊದಲ ಮಾತು: "ಐನೂರು ಜನ ಸ್ಪೇನಿನವರು ಬಂದು ಇಡೀ ಸಾಮ್ರಾಜ್ಯ ಗೆದ್ದರು" ಅಂತ ಶುರು ಮಾಡಬೇಡಿ. ಕೇಳಲು ಮಜವಾಗಿರುತ್ತದೆ. ಆದರೆ ಕಥೆ ಅಲ್ಲೇ ಹಾಳಾಗುತ್ತದೆ.

ಬೋರ್ಡಿನ ಮೇಲೆ ಒಂದು ಸರೋವರ ಬರೆಯಿರಿ. ಅದರ ನಡುವೆ ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್. ನೇತ್ರಾವತಿಯ ಕುದ್ರು (ನಡುಗಡ್ಡೆ) ನೋಡಿದ ಮಕ್ಕಳಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ಆದರೆ ಇದು ಆಗಿನ ಯುರೋಪಿನ ಹೆಚ್ಚಿನ ಪಟ್ಟಣಗಳಿಗಿಂತ ದೊಡ್ಡ ಊರು ಅಂತ ಹೇಳಲು ಮರೆಯಬೇಡಿ. ದಡಕ್ಕೆ ಹೋಗುವ ಏರಿದಾರಿಗಳನ್ನೂ, ಚಪುಲ್ಟೆಪೆಕ್‌ನಿಂದ ಬರುವ ಕುಡಿಯುವ ನೀರಿನ ಕಾಲುವೆಯನ್ನೂ ಗುರುತು ಮಾಡಿದರೆ ಮುಂದಿನ ಮುತ್ತಿಗೆ ಅವರಿಗೆ ತಾನಾಗೇ ಅರ್ಥವಾಗುತ್ತದೆ.

ತಾರೀಖು ಮೂರೇ ಸಾಕು. 1519 ನವೆಂಬರ್ 8, ಸ್ಪೇನಿನವರ ನಾಯಕ ಕೊರ್ಟೆಸ್ ಊರೊಳಗೆ ಬಂದ ದಿನ. 1520 ಜೂನ್ 30ರ ರಾತ್ರಿ, ಅವನ ಸೈನ್ಯ ಪೆಟ್ಟು ತಿಂದು ಓಡಿದ್ದು. 1521 ಆಗಸ್ಟ್ 13, ಊರು ಬಿದ್ದದ್ದು.

ಈಗ ಮಕ್ಕಳನ್ನೇ ಕೇಳಿ: ಓಡಿಹೋದವನು ಒಂದೇ ವರ್ಷದಲ್ಲಿ ಹೇಗೆ ಗೆದ್ದ? ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಪಕ್ಕದ ಟ್ಲಾಶ್ಕಾಲ ರಾಜ್ಯದವರಿಗೆ ಅಜ್ಟೆಕರ ಮೇಲೆ ಹಳೇ ಹಗೆ. ಮೊದಲು ಕೊರ್ಟೆಸ್ ವಿರುದ್ಧವೇ ಕಾದಾಡಿ, ಆಮೇಲೆ ಕೈಜೋಡಿಸಿದರು. ಕೊನೆಯ ಮುತ್ತಿಗೆಯಲ್ಲಿ ಅವರಂಥ ಸ್ಥಳೀಯರೇ ಹತ್ತಾರು ಸಾವಿರ ಇದ್ದರು, ಸ್ಪೇನಿನವರು ಅವರ ಮುಂದೆ ಬೆರಳೆಣಿಕೆ. ಮಾತು ದಾಟಿಸಿದ್ದು ಮಲಿಂಟ್ಸಿನ್ ಎಂಬ ಹುಡುಗಿ, ಕೊರ್ಟೆಸ್‌ಗೆ ಗುಲಾಮಳಾಗಿ ಸಿಕ್ಕವಳು. ಉಳ್ಳಾಲದ ಅಬ್ಬಕ್ಕನ ಕಥೆಯಲ್ಲಿ ಗಂಡ ಬಂಗರಸನ ಮನಸ್ತಾಪವನ್ನು ಪೋರ್ಚುಗೀಸರು ಬಳಸಿಕೊಂಡರು ಅಂತ ನಮ್ಮಲ್ಲಿ ಹೇಳುತ್ತಾರೆ ಅಲ್ವಾ, ಅದನ್ನು ನೆನಪಿಸಿ.

ಸಿಡುಬನ್ನೂ ಸೇರಿಸಿ. 1520ರಲ್ಲಿ ಬಂದ ಆ ರೋಗಕ್ಕೆ ಅಜ್ಟೆಕರ ಹೊಸ ದೊರೆ ಕ್ವಿಟ್ಲಾವಕ್ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಸತ್ತ. ಹಾಗಂತ ರೋಗವೇ ಎಲ್ಲ ಮಾಡಿತು ಅನ್ನುವುದೂ ಸೋಮಾರಿ ಉತ್ತರ. ಕೊರ್ಟೆಸ್ 13 ದೋಣಿ ಕಟ್ಟಿಸಿ ಸರೋವರಕ್ಕೆ ಇಳಿಸಿದ, ಕುಡಿಯುವ ನೀರು ನಿಲ್ಲಿಸಿದ.

"ಕೊರ್ಟೆಸ್‌ನನ್ನು ದೇವರು ಅಂದುಕೊಂಡರಂತೆ ಸರ್" ಅಂತ ಯಾರಾದರೂ ಯೂಟ್ಯೂಬ್ ನೋಡಿ ಬಂದು ಹೇಳಿಯೇ ಹೇಳುತ್ತಾರೆ. ಬೈಯಬೇಡಿ. ಆ ಕಥೆ ಗಟ್ಟಿಯಾದದ್ದು ಸೋಲಿನ ಎಷ್ಟೋ ವರ್ಷಗಳ ಮೇಲೆ ಅಂತ ಹೇಳಿ. ಯಾರು, ಯಾರಿಗಾಗಿ ಬರೆದರು ಅಂತ ಕೇಳುವುದನ್ನು ಕಲಿಸಿ. ಕ್ಯೂಬಾದ ಗವರ್ನರನ ಮಾತು ಮೀರಿ ಹೊರಟ ಕೊರ್ಟೆಸ್, ರಾಜನಿಗೆ ಬರೆದ ಪತ್ರಗಳಲ್ಲಿ ತನ್ನನ್ನು ಹೊಗಳಿಕೊಳ್ಳದೆ ಇನ್ನೇನು ಮಾಡಿಯಾನು!

ಪರಿಣಾಮಕ್ಕೆ ಇನ್ನೊಂದು ಪೀರಿಯಡ್ ಇಟ್ಟುಕೊಳ್ಳಿ. ಆ ಊರಿನ ಮೇಲೇ ಮೆಕ್ಸಿಕೋ ಸಿಟಿ ಎದ್ದಿತು, ಸರೋವರವನ್ನು ಬತ್ತಿಸಿದರು, ಆ ಮೆತ್ತನೆ ನೆಲದಲ್ಲಿ ನಗರ ಇವತ್ತಿಗೂ ಕುಸಿಯುತ್ತಿದೆ. 1978ರಲ್ಲಿ ವಿದ್ಯುತ್ ಕೆಲಸಗಾರರು ಅಗೆಯುವಾಗ ಹಳೇ ದೇವಸ್ಥಾನದ ದೊಡ್ಡ ಕೆತ್ತನೆ ಕಲ್ಲು ಸಿಕ್ಕಿತು. 1545ರಲ್ಲಿ, ಮತ್ತೆ 1576ರಲ್ಲಿ ಬಂದ ಪಿಡುಗುಗಳಿಗೆ ಲೆಕ್ಕವಿಲ್ಲದಷ್ಟು ಜನ ಸತ್ತರು. ಆದರೂ ಅವರ ನಹುವಾಟ್ಲ್ ಭಾಷೆ ಸತ್ತಿಲ್ಲ. ಈಗಲೂ 10 ಲಕ್ಷಕ್ಕಿಂತ ಜಾಸ್ತಿ ಜನ ಆಡುತ್ತಾರೆ.

ಹೋಂವರ್ಕ್ ಬೇಕಾದರೆ ಮಕ್ಕಳನ್ನು ಸೆಂಟ್ರಲ್ ಮಾರ್ಕೆಟ್‌ಗೋ ಸಂತೆಕಟ್ಟೆಗೋ ಕಳಿಸಿ. ಟೊಮೆಟೊ, ಮೆಕ್ಕೆಜೋಳ, ಪಪ್ಪಾಯಿ, ಚಿಕ್ಕು, ಚೆಂಡುಹೂ ಪಟ್ಟಿ ಮಾಡಲಿ. ಇವೆಲ್ಲ ಆ ಕಡೆಯವೇ. ಹಸಿಮೆಣಸೂ ಹೌದು, ಆದರೆ ಅದನ್ನು ಕೊರ್ಟೆಸ್ ಲೆಕ್ಕಕ್ಕೆ ಹಾಕಬೇಡಿ. ಅವನಿಗಿಂತ ಮೊದಲೇ, ಕೊಲಂಬಸ್ ಕಾಲದಲ್ಲೇ ಅದು ಸ್ಪೇನ್ ತಲುಪಿತ್ತು. ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಪುತ್ತೂರು ಕಡೆಯ ಮಕ್ಕಳಿದ್ದರೆ ಅಡಿಕೆ ತೋಟದ ಕೊಕ್ಕೋ ಕಾಯಿ ತರಿಸಿ. ಅಜ್ಟೆಕರು ಕೊಕ್ಕೋ ಬೀಜವನ್ನೇ ದುಡ್ಡಾಗಿ ಬಳಸುತ್ತಿದ್ದರು ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಟೆಸ್ಟ್‌ಗೆ ಒಂದೇ ಪ್ರಶ್ನೆ ಕೊಡಿ: ಟ್ಲಾಶ್ಕಾಲದ ಸೈನಿಕನೊಬ್ಬ 1521ರ ಮುತ್ತಿಗೆಯನ್ನು ಹೇಗೆ ಹೇಳುತ್ತಿದ್ದ? ಒಂದು ಪುಟ. "ನಾವು ಗೆದ್ದೆವು" ಅಂತ ಬರೆದವರಿಗೆ ಮಾರ್ಕ್ಸ್ ಕಟ್ ಮಾಡಬೇಡಿ.