ಕೆಳಗಿನ ತಗಡು ತೂತಾಗದಂತೆ ಸ್ಪಾಟ್ ವೆಲ್ಡ್ ಬಿಡಿಸುವುದು

ಹಳೆಯ ಕಾರಿನಲ್ಲಿ ಬ್ಯಾಟರಿ ಟ್ರೇ ತುಕ್ಕು ಹಿಡಿದು ತಿಂದುಹೋಗುವುದು ಸಾಮಾನ್ಯ. ಅದನ್ನು ಕಾರಿನ ಬಾಡಿ ತಗಡಿಗೆ ಸ್ಪಾಟ್ ವೆಲ್ಡ್ ಮಾಡಿ (ಎರಡು ತಗಡನ್ನು ಅಲ್ಲಲ್ಲಿ ಚುಕ್ಕೆಯಂತೆ ಬೆಸೆದು) ಕೂರಿಸಿದ್ದರೆ ಮೇಲಿನ ತಗಡಿಗೆ ಮಾತ್ರ ತೂತು ಕೊರೆದು ಬಿಡಿಸಬೇಕು, ಕೆಳಗಿನದು ಹಾಗೇ ಉಳಿಯಬೇಕು. ಅದಕ್ಕೇ ತಳ ಚಪ್ಪಟೆಯಾದ ತೂತು ಬೇಕು.

ಮಾಮೂಲಿ ಡ್ರಿಲ್ ಬಿಟ್ ಯಾಕೆ ಆಗೋದಿಲ್ಲ? ಲೆಕ್ಕ ಹಾಕಿ ನೋಡಿ. 118 ಡಿಗ್ರಿ ಮೊನೆಯ 8 ಮಿ.ಮೀ. ಬಿಟ್‌ನಲ್ಲಿ ಮೊನೆಯೇ ಸುಮಾರು 2.4 ಮಿ.ಮೀ. ಉದ್ದ. ಕಾರಿನ ತಗಡು ಸುಮಾರು 0.8 ಮಿ.ಮೀ., ಎರಡೂ ಸೇರಿ 1.6. ಅಂದರೆ ಮೇಲಿನ ತೂತು ಪೂರ್ತಿ ಅಗಲ ಆಗುವ ಮೊದಲೇ ಮೊನೆ ಆಚೆ ಕಡೆ ಹೊರಬಂದಿರುತ್ತದೆ!

ಸ್ಪಾಟ್ ವೆಲ್ಡ್‌ಗೆಂದೇ ಬಿಟ್ ಸಿಗುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಇಲ್ಲದಿದ್ದರೆ ಹಳೆಯ 8 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಮೊನೆಯನ್ನು ಬೆಂಚ್ ಗ್ರೈಂಡರ್‌ನಲ್ಲಿ ಸಮ ಮಾಡಿಕೊಳ್ಳಿ. ನಡುವೆ ಚಿಕ್ಕ ಮೊನೆ ಬಿಡಿ, ಅರ್ಧ ಮಿ.ಮೀ.ಗಿಂತ ಜಾಸ್ತಿ ಬೇಡ, ಬಿಟ್ ಜಾರದೆ ನಿಲ್ಲೋದು ಅದರಿಂದಲೇ. ಕೊರೆಯುವ ಎರಡು ಅಂಚೂ ಒಂದೇ ಮಟ್ಟಕ್ಕಿರಲಿ. ಪ್ರತಿ ಅಂಚಿನ ಹಿಂಭಾಗ ಸ್ವಲ್ಪ ತಗ್ಗಿರಲೇಬೇಕು, ಇಲ್ಲದಿದ್ದರೆ ಬಿಟ್ ಕೊರೆಯದೆ ಸುಮ್ನೆ ಉಜ್ಜಿ ಬಿಸಿಯಾಗುತ್ತದೆ. ಎಲ್ಲರೂ ತಪ್ಪೋದು ಇಲ್ಲೇ, ಹಾಗಾಗಿ ಮೊದಲು ಗುಜರಿ ತಗಡಿನ ಮೇಲೆ ಎರಡು ಮೂರು ತೂತು ಹಾಕಿ ನೋಡಿ.

ಇನ್ನು ಕಾರಿಗೆ ಬನ್ನಿ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್, ಬ್ಯಾಟರಿಯನ್ನು ದೂರ ಇಡಿ. ಚೆಲ್ಲಿದ ಆಸಿಡ್ ಇದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒರೆಸಿ. ತಗಡಿನ ಹಿಂದೆ ವೈರಿಂಗ್, ಬ್ರೇಕ್ ಪೈಪ್ ಏನಿದೆ ಅಂತ ಕೈಹಾಕಿ ನೋಡಿಕೊಳ್ಳಿ. ವೆಲ್ಡ್ ಕಾಣದಿದ್ದರೆ ಟ್ರೇ ಅಂಚಿನ ಮೇಲೆ ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರ್ ಉಜ್ಜಿ; ವೆಲ್ಡ್ ಇರುವ ಕಡೆ ತಗ್ಗು ಇರುವುದರಿಂದ ಅಲ್ಲಿ ಮಾತ್ರ ಪೇಂಟ್ ಉಳಿದು ದುಂಡಗೆ ಕಾಣುತ್ತದೆ.

ಪ್ರತಿ ವೆಲ್ಡ್‌ನ ಸರಿಯಾಗಿ ನಡುವೆ ಸೆಂಟರ್ ಪಂಚ್ (ಗುರುತಿನ ಕುಳಿ ಮಾಡುವ ಚೂಪು ಮೊನೆಯ ಉಕ್ಕಿನ ಕಡ್ಡಿ) ಇಟ್ಟು ಹೊಡೆಯಿರಿ. ಕಣ್ಣಿಗೆ ಗಾಗಲ್ ಇರಲಿ, ತಿರುಗುವ ಡ್ರಿಲ್ ಹತ್ತಿರ ಬಟ್ಟೆಯ ಗ್ಲೌಸ್ ಬೇಡ. ಒಂದು ಹನಿ ಎಣ್ಣೆ ಹಾಕಿ, ನಿಮಿಷಕ್ಕೆ 400–500 ಸುತ್ತಿನಲ್ಲಿ, ಡ್ರಿಲ್ ನೇರ ಹಿಡಿದು ಗಟ್ಟಿಯಾಗಿ ಒತ್ತಿ. ಆಗಾಗ ನಿಲ್ಲಿಸಿ, ಚೂರು ಒರೆಸಿ, ಒಳಗೆ ನೋಡಿ. ತೂತಿನ ಅಂಚಿನ ಸುತ್ತ ಪೇಂಟ್ ಅಥವಾ ತುಕ್ಕಿನ ತೆಳು ಬಳೆ ಕಂಡಿತಾ? ಅದು ಎರಡು ತಗಡಿನ ನಡುವಿನ ಸಂದು. ಅಲ್ಲಿಗೆ ನಿಲ್ಲಿಸಿ. ಬಳೆ ಅರ್ಧವೇ ಕಂಡರೆ ಡ್ರಿಲ್ ವಾಲಿದೆ ಅಂತ ಅರ್ಥ, ಕಾಣದ ಕಡೆಗೆ ಸ್ವಲ್ಪ ವಾಲಿಸಿ ಇನ್ನೊಂಚೂರು ಕೊರೆಯಿರಿ.

ಕೊನೆಯ ಎಳೆಯಷ್ಟು ಅಂಟಿಕೊಂಡಿದ್ದರೆ ಇನ್ನೂ ಕೊರೆಯಬೇಡಿ, ತೆಳ್ಳಗಿನ ಉಳಿ ಸಂದಿಗೆ ಇಟ್ಟು ಮೆಲ್ಲಗೆ ಬಡಿಯಿರಿ, ಬಿಟ್ಟುಕೊಳ್ಳುತ್ತದೆ. ಉಳಿದ ಗುಬುಟನ್ನು ಉಜ್ಜಿ ಸಮ ಮಾಡಿ, ಹಚ್ಚಿದ ಮೇಲೂ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್ (ತುಕ್ಕು ತಡೆಯುವ ಬಣ್ಣ) ಅವತ್ತೇ ಹಚ್ಚಿಬಿಡಿ. ಮಳೆಗಾಲದಲ್ಲಿ ಬರಿ ತಗಡಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ.