ನಾಲೆ ಬಯಲಿನಲ್ಲಿ ಮೂರು ದಿನ: ಸೈಕಲ್ ಸುತ್ತಾಟಕ್ಕೆ ತಯಾರಿ ಹೀಗಿರಲಿ

ಸೈಕಲ್ ಏರಿ ಹಳ್ಳಿ ಸುತ್ತುವ ಆಸೆ ಹುಟ್ಟಿದವರು ಮೊದಲು ವಿಚಾರಿಸುವುದು ಸೈಕಲ್ಲಿನ ಬೆಲೆಯನ್ನು. ನಿಜವಾಗಿ ಮೊದಲು ವಿಚಾರಿಸಬೇಕಾದದ್ದು ದಾರಿಯನ್ನು. ದಾರಿ ಸರಿಯಿದ್ದರೆ ಗೇರಿಲ್ಲದ ಹಳೇ ಸೈಕಲ್ಲೂ ಸಾಕು. ದಾರಿ ತಪ್ಪಿದರೆ ಲಕ್ಷ ರೂಪಾಯಿಯ ಸೈಕಲ್ಲನ್ನೂ ತಳ್ಳಿಕೊಂಡೇ ಹೋಗಬೇಕು.

ದಾರಿ ಆರಿಸಲು ಒಂದು ಸರಳ ಸೂತ್ರವಿದೆ: ನೀರಿನ ಜೊತೆ ಹೋಗಿ. ನಾಲೆ ತೋಡುವವರು ಇಳಿಜಾರು ತೀರಾ ಕಡಿಮೆ ಇರುವಂತೆ, ದಿಣ್ಣೆಗಳನ್ನು ಸುತ್ತಿಬಳಸಿ ತೋಡಿರುತ್ತಾರೆ. ಹಾಗಾಗಿ ನಾಲೆ ಪಕ್ಕದ ರಸ್ತೆಯಲ್ಲಿ ಏರಿಳಿತ ಕಡಿಮೆ. ಕೆರೆ ಏರಿ ಮೇಲಿನ ದಾರಿಯೂ ಹಾಗೆಯೇ. ಒಂದು ಕೆರೆಯ ಬಯಲಿನಿಂದ ಇನ್ನೊಂದರ ಬಯಲಿಗೆ ದಾಟುವಾಗ ಮಾತ್ರ ನಡುವೆ ದಿಣ್ಣೆ ಸಿಗುತ್ತದೆ. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಸೀಮೆ ಹೊಸಬರಿಗೆ ಹೇಳಿ ಮಾಡಿಸಿದಂತಿರುವುದು ಇದೇ ಕಾರಣಕ್ಕೆ. ಅಲ್ಲೂ ಹುಲಿಕೆರೆಯಲ್ಲಿ ನಾಲೆ ಸುರಂಗದೊಳಗೆ ನುಗ್ಗಿ ಪಾರಾಗುತ್ತದೆ, ದಿಣ್ಣೆ ಹತ್ತುವ ಕೆಲಸ ನಮ್ಮದು!

ದಾರಿ ಮತ್ತು ಕಾಲ

ಮೂರು ದಿನದ ಸುತ್ತಿಗೆ ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ ಒಳ್ಳೆಯ ಆಯ್ಕೆ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹೊರಡಿ. ಮಾರ್ಚ್ ಬಂದರೆ ಬಿಸಿಲು; ಜೊತೆಗೆ ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ಹೊತ್ತಿಗೆ ಮೇಲುಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಅಲ್ಲಿ ಎದುರಿನಿಂದ ಬರುವ ಬೈಕುಗಳ ಕಾಟ. ಅದರ ಬದಲು ಮೈಸೂರಿನಿಂದ ಕೆಆರ್‌ಎಸ್ ರಸ್ತೆ ಹಿಡಿದು, ಬೆಳಗೊಳದ ಕಡೆಯಿಂದ ಪಾಲಹಳ್ಳಿ ಮೂಲಕ ಶ್ರೀರಂಗಪಟ್ಟಣ ಸೇರಿ. ನಾಲ್ಕೈದು ಕಿ.ಮೀ. ಹೆಚ್ಚಾದರೂ ರಂಗನತಿಟ್ಟು ಪಕ್ಷಿಧಾಮ ದಾರಿಯಲ್ಲೇ ಸಿಗುತ್ತದೆ.

ಮೊದಲ ದಿನ ಪಾಂಡವಪುರದವರೆಗೆ ಹೋಗಿ ಉಳಿಯಿರಿ. ಹೊತ್ತಿದ್ದರೆ ಸಂಜೆ ತೊಣ್ಣೂರು ಕೆರೆ ನೋಡಿಬನ್ನಿ. ಎರಡನೇ ದಿನ ಸಾಮಾನನ್ನು ಲಾಡ್ಜಿನಲ್ಲೇ ಬಿಟ್ಟು ಮೇಲುಕೋಟೆಗೆ ಹೋಗಿಬನ್ನಿ. ಜಕ್ಕನಹಳ್ಳಿ ಕ್ರಾಸ್ ಆದ ಮೇಲೆ ಏರು ಶುರು. ಹೊರೆ ಇಲ್ಲದಿದ್ದರೆ ಅದರ ಅರ್ಧ ಕಷ್ಟ ಕಡಿಮೆ. ಮೂರನೇ ದಿನ ಶ್ರೀರಂಗಪಟ್ಟಣದ ಕೋಟೆ, 1784ರ ದರಿಯಾ ದೌಲತ್, ಗಂಜಾಂ, ಸಂಗಮ ಸುತ್ತಿಕೊಂಡು ಮೈಸೂರಿಗೆ ವಾಪಸ್. ದಿನಕ್ಕೆ 40–50 ಕಿ.ಮೀ. ದಾಟಬೇಡಿ. ಗಂಟೆಗೆ 12–14 ಕಿ.ಮೀ., ಅಂದರೆ ಪಕ್ಕದವರೊಂದಿಗೆ ಮಾತಾಡುತ್ತ ತುಳಿಯುವಷ್ಟು ವೇಗ ಸಾಕು. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದರೊಳಗೆ ದಿನದ ಮುಕ್ಕಾಲು ದಾರಿ ಮುಗಿದಿರುತ್ತದೆ.

ಸೈಕಲ್ ಸಿದ್ಧಪಡಿಸಿ

ಸೀಟಿನ ಎತ್ತರ ಮೊದಲು. ಸೀಟಿನಲ್ಲಿ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ತುಸು ಮಡಚಿರುತ್ತದೆ, ಅದೇ ಸರಿಯಾದ ಎತ್ತರ. ದಾರಿಯಲ್ಲಿ ಮಂಡಿಯ ಮುಂಭಾಗ ನೋವಾದರೆ ಹೆಚ್ಚಿನ ಸಲ ಸೀಟು ತಗ್ಗಿದೆ ಎಂದರ್ಥ, ಹಿಂಭಾಗ ನೋವಾದರೆ ಎತ್ತರವಾಗಿದೆ. ಅರ್ಧ ಸೆಂಟಿಮೀಟರ್ ಬದಲಿಸಿ ನೋಡಿ. ಒಂದೇ ಸಲಕ್ಕೆ ಎರಡು ಇಂಚು ಎತ್ತಬೇಡಿ.

ಟೈರು 32ರಿಂದ 40 ಮಿ.ಮೀ. ಅಗಲವಿರಲಿ. 35 ಮಿ.ಮೀ. ಟೈರಿಗೆ 50–60 ಪಿಎಸ್‌ಐ ಗಾಳಿ; ಹೊರೆ ಹಿಂದಿರುವುದರಿಂದ ಹಿಂದಿನ ಚಕ್ರಕ್ಕೆ ಐದು ಹೆಚ್ಚು. ವಾಲ್ವ್ ಕಡೆ ಗಮನವಿರಲಿ: ಬೈಕಿನ ಟ್ಯೂಬಿಗಿರುವಂಥ ದಪ್ಪ ವಾಲ್ವ್ ಆದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ರೇಸ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಅಡಾಪ್ಟರ್ ಬೇಕು, ಅದು ಅಲ್ಲಿ ಸಿಗುವುದಿಲ್ಲ; 50 ರೂಪಾಯಿ ಆಸುಪಾಸಿನ ಆ ತುಂಡನ್ನು ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಕಂಪ್ರೆಸರಿನಲ್ಲಿ ಗಾಳಿ ಹಿಡಿಸುವಾಗ ಬಿಟ್ಟು ಬಿಟ್ಟು ಹಾಕಲು ಹೇಳಿ. ಸೈಕಲ್ ಟ್ಯೂಬಿನೊಳಗೆ ಹಿಡಿಯುವ ಗಾಳಿ ಸ್ವಲ್ಪವೇ, ಕಂಪ್ರೆಸರ್ ಅದನ್ನು ಕ್ಷಣದಲ್ಲಿ ಒಡೆದುಬಿಡುತ್ತದೆ.

ಸಾಮಾನು 8–10 ಕೆ.ಜಿ. ಒಳಗಿರಲಿ. ಬೆನ್ನಿಗೆ ಬ್ಯಾಗ್ ಬೇಡ, ಅದು ಬೆವರಿಸಿ ಸೊಂಟ ಹಿಡಿಸುತ್ತದೆ. ಕ್ಯಾರಿಯರಿನ ಎರಡೂ ಬದಿಗೆ ಸಮತೂಕದಲ್ಲಿ, ಭಾರವಾದದ್ದು ಕೆಳಗೆ ಬರುವಂತೆ ಚೀಲ ಕಟ್ಟಿ. ಹಳೇ ಟ್ಯೂಬಿನ ಪಟ್ಟಿಗಿಂತ ಗಟ್ಟಿಯಾದ ಹಗ್ಗ ಇನ್ನೊಂದಿಲ್ಲ. ಅದರ ತುದಿ ಮಾತ್ರ ಕಡ್ಡಿಗಳ ಕಡೆ ನೇತಾಡಬಾರದು. ಕಟ್ಟಿದ ಮೇಲೆ ಪೆಡಲ್ ತುಳಿದು, ಹಿಮ್ಮಡಿ ಚೀಲಕ್ಕೆ ತಾಗುವುದಿಲ್ಲ ಎಂದು ನೋಡಿಕೊಳ್ಳಿ.

ಮುಳ್ಳು ಮತ್ತು ಪಂಕ್ಚರ್

ಈ ಸೀಮೆಯ ಪಂಕ್ಚರಿಗೆ ಮುಖ್ಯ ಕಾರಣ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು. ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್, ಮರಳು ಕಾಗದ, ಎರಡು ಟೈರ್ ಲಿವರ್, ಕೈಪಂಪು ಜೊತೆಗಿರಲಿ.

ಚಕ್ರ ಬಿಚ್ಚಿ ಟ್ಯೂಬು ತೆಗೆಯುವಾಗ ಅದು ಟೈರಿನೊಳಗೆ ಯಾವ ಕಡೆಗೆ ಕೂತಿತ್ತು ಎಂಬುದನ್ನು ನೆನಪಿಡಿ. ಗಾಳಿ ಹಾಕಿ, ನೀರಿನಲ್ಲಿ ಗುಳ್ಳೆ ನೋಡಿ ತೂತು ಹುಡುಕಿ. ಇನ್ನು ಟೈರಿನಲ್ಲಿ ಅದೇ ಜಾಗದ ಸುತ್ತ, ಒಳಗಿನಿಂದ, ಹತ್ತಿ ಬಟ್ಟೆಯ ಚೂರನ್ನು ಸವರುತ್ತ ಹೋಗಿ. ಮುರಿದ ಮುಳ್ಳಿನ ತುದಿ ಇದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಕೆಲಸ ಬಿಟ್ಟವರಿಗೇ ಹೊಸ ಟ್ಯೂಬು ಹಾಕಿದ ಹತ್ತೇ ನಿಮಿಷಕ್ಕೆ ಮತ್ತೆ ಪಂಕ್ಚರ್ ಆಗುವುದು. ತೂತಿನ ಸುತ್ತ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ನಾಲ್ಕೈದು ನಿಮಿಷ ಒಣಗಲು ಬಿಡಿ. ಹಸಿಯಾಗಿರುವಾಗಲೇ ಅಂಟಿಸಿದ ಪ್ಯಾಚು ಬಿಸಿಲಿಗೆ ಜಾರುತ್ತದೆ. ಅಕ್ಕಪಕ್ಕದಲ್ಲೇ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಿನದ್ದಲ್ಲ: ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಅಪ್ಪಳಿಸಿದೆ.

ರಸ್ತೆ ಮೇಲಿನ ಒಕ್ಕಣೆ

ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿಯ ಕಟ್ಟನ್ನು ವಾಹನಗಳು ತುಳಿಯಲೆಂದು ರಸ್ತೆಗೆ ಹರಡಿರುತ್ತಾರೆ. ಹೀಗೆ ಹರಡಬಾರದೆಂಬುದು ಎಲ್ಲರಿಗೂ ಗೊತ್ತು, ನಿಲ್ಲುವುದೂ ಇಲ್ಲ. ಬೈಕಿನವರಿಗೆ ಅದು ಜಾರುವ ಭಯ, ಗೇರ್ ಸೈಕಲ್ಲಿಗೆ ಇನ್ನೂ ದೊಡ್ಡ ಅಪಾಯ. ಹುರುಳಿ ಬಳ್ಳಿ ಚೈನಿನ ಜೊತೆ ಒಳಸೇರಿ ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ಸುತ್ತು ಬಲವಾಗಿ ತುಳಿದರೆ ಗೇರಿನ ಕೈ ಬಾಗಿ ಚಕ್ರದ ಕಡ್ಡಿಗೆ ಸಿಲುಕುತ್ತದೆ, ಅಲ್ಲಿಗೆ ಪ್ರವಾಸ ಮುಗಿದಂತೆ. ಹುಲ್ಲಿನ ರಾಶಿ ಕಂಡ ಕೂಡಲೇ ಇಳಿದು, ಸೈಕಲ್ಲನ್ನು ಅಂಚಿನಲ್ಲಿ ಎತ್ತಿಕೊಂಡು ದಾಟಿ. ಸಿಕ್ಕಿಕೊಂಡೇ ಬಿಟ್ಟರೆ ತುಳಿಯುವುದನ್ನು ನಿಲ್ಲಿಸಿ, ಹಿಂದಿನ ಚಕ್ರ ಎತ್ತಿಹಿಡಿದು, ಪೆಡಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಎಳೆ ಬಿಡಿಸಿ.

ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕುವ ಸಾಹಸ ಬೇಡ. ಟ್ರೇಲರಿನ ಎರಡೂ ಬದಿಗೆ ಚಾಚಿದ ಜಲ್ಲೆ ತಿರುವಿನಲ್ಲಿ ಕತ್ತಿಯ ಹಾಗೆ ಬೀಸುತ್ತದೆ. ನಾಲೆ ಏರಿ ಮೇಲೆ ತಡೆಗೋಡೆ ಇಲ್ಲದ ಕಡೆ ಕತ್ತಲಾದ ಮೇಲೆ ಹೋಗಲೇಬೇಡಿ, ನಾಲೆಗೆ ಈಜಲೂ ಇಳಿಯಬೇಡಿ: ನೀರಿನ ಸೆಳೆತ ಮೇಲೆ ಕಾಣುವುದಿಲ್ಲ, ಕಲ್ಲು ಕಟ್ಟಿದ ಅಂಚು ಪಾಚಿಯಿಂದ ಜಾರುತ್ತದೆ. ನಾಯಿ ಬೆನ್ನತ್ತಿದರೆ ವೇಗ ಹೆಚ್ಚಿಸದೆ ಇಳಿದು, ಸೈಕಲ್ಲನ್ನು ನಡುವೆ ಅಡ್ಡಹಿಡಿದು ನಡೆಯಿರಿ.

ನೀರು, ಊಟ, ದಾರಿ ಕೇಳುವುದು

ಗಂಟೆಗೆ ಅರ್ಧ ಲೀಟರ್ ನೀರು. ಬಾಯಾರುವವರೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಗುಟುಕರಿಸಿ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಎಲ್ಲೆಡೆ ಸಿಗುತ್ತದೆ. ಬೆಳಿಗ್ಗೆ ಬೇಗ ಟೀ ಬೇಕಿದ್ದರೆ ಹಾಲಿನ ಡೇರಿ ಎಲ್ಲಿದೆ ಎಂದು ಕೇಳಿ, ಅದರ ಪಕ್ಕದಲ್ಲೊಂದು ಅಂಗಡಿ ತೆರೆದಿರುತ್ತದೆ. ಮಧ್ಯಾಹ್ನ ಮುದ್ದೆ ಊಟ ಮಾಡಿದವರು ಒಂದು ಗಂಟೆ ನೆರಳಿನಲ್ಲಿ ಕೂರದೆ ಏಳಬಾರದು.

ದಾರಿ ಕೇಳುವಾಗ ‘ಎಷ್ಟು ದೂರ’ ಎಂದು ಕೇಳಿದರೆ ಸಿಗುವ ಉತ್ತರ ‘ಇಲ್ಲೇ, ಒಂದ್ ಮೈಲಿ’. ಅದು ಬೈಕಿನ ಲೆಕ್ಕ. ‘ಅಣ್ಣಾ, ಈ ಕಡೆ ದಿಣ್ಣೆ ಐತಾ?’ ಎಂದು ಕೇಳಿ. ಅದೂ ಸೈಕಲ್ಲಿನಲ್ಲೇ ಹೊಲಕ್ಕೆ ಹೋಗುವ ಹಿರಿಯರನ್ನು. ಬೈಕ್ ಓಡಿಸುವ ಹುಡುಗರಿಗೆ ದಿಣ್ಣೆ ಇರುವುದೇ ಗೊತ್ತಿರುವುದಿಲ್ಲ.

ಮೇಲುಕೋಟೆಯಿಂದ ಇಳಿಯುವಾಗ

ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಹೊರಡುವ ಮುನ್ನ ಬ್ರೇಕ್ ರಬ್ಬರ್ ರಿಮ್ಮಿನ ಮಧ್ಯಕ್ಕೆ ಕಚ್ಚುತ್ತಿದೆಯೇ, ಟೈರಿಗೆ ಉಜ್ಜುತ್ತಿದೆಯೇ ನೋಡಿ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡಿರಬೇಡಿ, ರಿಮ್ ಕಾದು ಟ್ಯೂಬು ಒಡೆಯಬಹುದು. ಎರಡೂ ಬ್ರೇಕನ್ನು ಒಮ್ಮೆ ಬಿಗಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ಇನ್ನೊಂದು ಮಾತು: ಪುಳಿಯೋಗರೆ ಪೊಟ್ಟಣವನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಇಳಿಯಬೇಡಿ. ಚೀಲ ತೂಗಾಡಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿದರೆ ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ. ಅದು ಕ್ಯಾರಿಯರಿನಲ್ಲೇ ಬರಲಿ.